ಕೊಂಡ ವಿಮಾನವೂ ಕಟ್ಟಿದ ವಿಮಾನವೂ

ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನ ವಿಜ್ಞಾನ ಪ್ರದರ್ಶನಕ್ಕೆ ತೀರ್ಪುಗಾರರಲ್ಲೊಬ್ಬರಾಗಿ ಹೋಗುವ ಸಂದರ್ಭ ನಮಗೆ ಒದಗಿತು. ಅಲ್ಲಿ ಒಂದೇ ಮೇಜಿನ ಮೇಲೆ ಎರಡು ಮಾದರಿ ವಿಮಾನಗಳಿದ್ದವು. ಎರಡೂ ವಿದ್ಯುತ್ತಿನಿಂದ ನಡೆಯತಕ್ಕವು; ಎರಡೂ ರೇಡಿಯೊ ಸಂಕೇತಗಳ ಆಜ್ಞೆಗೆ ಒಳಪಟ್ಟವು. ಒಂದು ಥಳಥಳಿಸುತ್ತಿತ್ತು. ಮೈಮೇಲೆ ಒಂದು ಗೀರಿಲ್ಲ. ಬಣ್ಣ, ಪಟ್ಟೆ, ಅಕ್ಷರ ಎಲ್ಲದರಲ್ಲೂ ಕಾರ್ಖಾನೆಯ ಅಚ್ಚುಕಟ್ಟು. ಇನ್ನೊಂದರ ರೆಕ್ಕೆಯಲ್ಲಿ ಎರಡು ತೇಪೆಗಳಿದ್ದವು. ಮೂತಿಯ ಬಳಿ ಅಂಟಿನ ಕಲೆ ಕಾಣುತ್ತಿತ್ತು. ಮೊದಲನೆಯದು ಅಂಗಡಿಯಿಂದ ಸಿದ್ಧವಾಗಿಯೇ ಬಂದದ್ದು. ಎರಡನೆಯದನ್ನು ಇಬ್ಬರು ವಿದ್ಯಾರ್ಥಿಗಳು, ಬಿಡಿಭಾಗಗಳ ಪೆಟ್ಟಿಗೆಯೊಂದನ್ನು ತಂದು, ತಾವೇ ಕಟ್ಟಿದ್ದರು. ನಾವು ಬಹುಮಾನ ಕೊಟ್ಟದ್ದು ಮೊದಲನೆಯದಕ್ಕೆ.

ಅನಂತರ, ಬರಿಯ ಕುತೂಹಲದಿಂದ, “ಬ್ಯಾಟರಿಯನ್ನು ಮೂತಿಯಲ್ಲಿಯೇ ಏಕೆ ಇಟ್ಟಿದ್ದಾರೆ?” ಎಂದು ಗೆದ್ದ ವಿದ್ಯಾರ್ಥಿಯನ್ನು ಕೇಳಿದೆವು. “ಅಲ್ಲಿ ಜಾಗವಿದೆ, ಸರ್” ಎಂಬ ಉತ್ತರ ಬಂದಿತು. ಅದೇ ಪ್ರಶ್ನೆಯನ್ನು ತೇಪೆಯ ವಿಮಾನದವರಿಗೆ ಹಾಕಿದಾಗ ಅವರು ಬಾಯಿ ತೆರೆಯಲಿಲ್ಲ. ವಿಮಾನವನ್ನು ರೆಕ್ಕೆಯ ಕೆಳಗೆ ಎರಡು ಬೆರಳುಗಳ ತುದಿಯ ಮೇಲೆ ತೂಗಿಸಿ ತೋರಿಸಿದರು. ಬ್ಯಾಟರಿಯನ್ನು ಒಂದು ಅಂಗುಲದಷ್ಟು ಹಿಂದಕ್ಕೆ ಸರಿಸಿ ಮತ್ತೊಮ್ಮೆ ತೂಗಿಸಿದರು. ಬಾಲ ಕೆಳಕ್ಕೆ ಬಾಗಿತು. ಆ ಪ್ರಶ್ನೆಯನ್ನು ಬಹುಮಾನ ಕೊಡುವುದಕ್ಕೆ ಮುಂಚೆ ಕೇಳಬೇಕಾಗಿತ್ತು. ತಪ್ಪು ನಮ್ಮದು. ಈ ಲೇಖನವನ್ನು ಆ ತಪ್ಪಿನ ತಿದ್ದುಪಡಿಯೆಂದೇ ವಾಚಕರು ಭಾವಿಸಬಹುದು.

ಸಿದ್ಧ ವಿಮಾನವನ್ನು ಹಾರಿಸುವುದು ಒಂದು ಆಟ. ಅದರಲ್ಲಿ ದೋಷವೇನೂ ಇಲ್ಲ. ಆದರೆ ವಿಜ್ಞಾನವನ್ನು ಕಲಿಯಹೊರಟ ತರುಣ ತರುಣಿಯರು ತಮ್ಮ ಮೊದಲ ವಿಮಾನವನ್ನು ಕೊಳ್ಳದೆ ಕಟ್ಟಬೇಕು, ಮತ್ತು ನಮ್ಮ ಪ್ರೌಢಶಾಲೆಗಳೂ ಕಾಲೇಜುಗಳೂ ಅದಕ್ಕೆಂದು ತಮ್ಮ ಪ್ರಯೋಗಶಾಲೆಯಲ್ಲಿ ಒಂದು ಮೇಜನ್ನು ಬಿಟ್ಟುಕೊಡಬೇಕು ಎಂಬುದು ನಮ್ಮ ದೃಢವಾದ ಅಭಿಪ್ರಾಯ.

ಆಟಿಕೆಗಳ ಚರಿತ್ರೆ

ಇದು ಹೊಸ ಮಾತಲ್ಲ. ವಿಮಾನದ ಚರಿತ್ರೆ ಮಾದರಿಗಳಿಂದಲೇ ಮೊದಲಾಗುತ್ತದೆ. 1871ರ ಆಗಸ್ಟಿನಲ್ಲಿ ಪ್ಯಾರಿಸ್ಸಿನ ಟ್ವಿಲರಿ ಉದ್ಯಾನದಲ್ಲಿ ಆಲ್ಫೋನ್ಸ್ ಪೆನೋ ಎಂಬ ಇಪ್ಪತ್ತೊಂದು ವರ್ಷದ ತರುಣನು ತಿರುಚಿದ ರಬ್ಬರಿನ ಬಲದಿಂದ ನಡೆಯುವ ಪುಟ್ಟ ವಿಮಾನವೊಂದನ್ನು ಹಾರಿಸಿದನು. ಅದು ಹನ್ನೊಂದು ಸೆಕೆಂಡುಗಳಲ್ಲಿ ಸುಮಾರು ನಾಲ್ವತ್ತು ಮೀಟರು ಹಾರಿತು. ಅದನ್ನು ನಡೆಸುವವರು ಯಾರೂ ಇರಲಿಲ್ಲ. ಬಾಲವನ್ನು ಸರಿಯಾದ ಓರೆಯಲ್ಲಿಟ್ಟು, ತನ್ನ ಸಮತೋಲವನ್ನು ತಾನೇ ಕಾಯ್ದುಕೊಳ್ಳುವಂತೆ ಪೆನೋ ಅದನ್ನು ರಚಿಸಿದ್ದನು. 1878ರಲ್ಲಿ ಅಮೆರಿಕದ ಪಾದ್ರಿಯೊಬ್ಬರು ಪೆನೋನ ಮಾದರಿಯ ರಬ್ಬರ್ ಹೆಲಿಕಾಪ್ಟರ್ ಆಟಿಕೆಯೊಂದನ್ನು ತಮ್ಮ ಮಕ್ಕಳಿಗೆ ತಂದುಕೊಟ್ಟರು. ವಿಲ್ಬರ್ ಮತ್ತು ಆರ್ವಿಲ್ ರೈಟ್ ಅದನ್ನು ಆಡಿ ಮುರಿದು ಸುಮ್ಮನಾಗಲಿಲ್ಲ. ಅದರಂತೆ ಇನ್ನೊಂದನ್ನು ಕಟ್ಟಿದರು, ಅದಕ್ಕಿಂತ ದೊಡ್ಡದನ್ನು ಕಟ್ಟಿದರು, ದೊಡ್ಡದು ಚಿಕ್ಕದರಷ್ಟು ಚೆನ್ನಾಗಿ ಹಾರದಿರುವುದನ್ನು ಕಂಡು ಬೆರಗಾದರು. ಆ ಬೆರಗು 1903ರವರೆಗೆ ಬೆಳೆಯುತ್ತ ಹೋಯಿತು.

ಮಾದರಿಗೆ ವಿದ್ಯುತ್ ಬಂದುದು ಬಹಳ ತಡವಾಗಿ. ರೇಡಿಯೊ ಹತೋಟಿಯಲ್ಲಿ ವಿದ್ಯುತ್ ವಿಮಾನವೊಂದು ಹಾರಿತೆಂಬ ಮೊದಲ ಅಧಿಕೃತ ದಾಖಲೆ 1957ರ ಜೂನ್ 30ರದು. ಹಾರಿಸಿದವರು ಬ್ರಿಟನ್ನಿನ ಕರ್ನಲ್ ಎಚ್. ಜೆ. ಟ್ಯಾಪ್ಲಿನ್, ಬಳಸಿದ್ದು ಬೆಳ್ಳಿ-ಸತುವಿನ ಕೋಶಗಳನ್ನು. ಆಗಿನ ಮೋಟಾರುಗಳೂ ಬ್ಯಾಟರಿಗಳೂ ಎಷ್ಟು ಭಾರವಾಗಿದ್ದವೆಂದರೆ, ಎಣ್ಣೆಯ ಎಂಜಿನುಗಳೇ ಇನ್ನೂ ಹಲವು ದಶಕಗಳ ಕಾಲ ಮೈದಾನವನ್ನು ಆಳಿದವು. ಈ ಶತಮಾನದ ಆರಂಭದ ವರ್ಷಗಳಲ್ಲಿ ಲಿಥಿಯಂ ಪಾಲಿಮರ್ ಬ್ಯಾಟರಿಯೂ ಬ್ರಷ್ ಇಲ್ಲದ ಮೋಟಾರೂ ಅಗ್ಗವಾದ ಮೇಲೆಯೇ ಇಂದಿನ ಶಾಂತವಾದ, ಶುಚಿಯಾದ ವಿದ್ಯುತ್ ಮಾದರಿ ವಿದ್ಯಾರ್ಥಿಯ ಕೈಗೆ ಎಟುಕಿತು.

ತೂಕದ ಪಾಠ

ನಾವು ಕಟ್ಟಿದ ಮೊದಲ ವಿಮಾನವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಪೆಟ್ಟಿಗೆಯೊಳಗೆ ಬಾಲ್ಸಾ ಮರದ ತೆಳು ಹಲಗೆಗಳು, ಕತ್ತರಿಸಿಟ್ಟ ಪಕ್ಕೆಲುಬುಗಳು, ರೆಕ್ಕೆಗೆ ಬೆನ್ನೆಲುಬಾಗುವ ಕಡ್ಡಿಗಳು, ಮೇಲೆ ಹೊದಿಸುವ ಪ್ಲಾಸ್ಟಿಕ್ ಹಾಳೆ, ತಂತಿಯ ಗಾಲಿಕಾಲುಗಳು ಮತ್ತು ಒಂದು ದೊಡ್ಡ ನಕ್ಷೆ ಇದ್ದವು. ಮೋಟಾರು, ಬ್ಯಾಟರಿ, ರೇಡಿಯೊಗಳನ್ನು ಬೇರೆಯಾಗಿ ಕೊಂಡೆವು. ರೆಕ್ಕೆ ತುದಿಯಿಂದ ತುದಿಗೆ 120 ಸೆಂಟಿಮೀಟರು, ಅಗಲ 20 ಸೆಂಟಿಮೀಟರು. ಬ್ಯಾಟರಿಯೂ ಸೇರಿ ಒಟ್ಟು ತೂಕ 900 ಗ್ರಾಂ ಆಗಬೇಕೆಂದು ನಕ್ಷೆಯಲ್ಲಿ ಬರೆದಿತ್ತು.

ಬಾಲ್ಸಾ ಎಂಬುದು ಹೆಚ್ಚಾಗಿ ದಕ್ಷಿಣ ಅಮೆರಿಕದ ಎಕ್ವಡಾರಿನಿಂದ ಬರುವ ಮರ. ಒಂದೇ ಗಾತ್ರದ ತೇಗದ ತುಂಡನ್ನೂ ಬಾಲ್ಸಾ ತುಂಡನ್ನೂ ತಕ್ಕಡಿಯಲ್ಲಿಟ್ಟರೆ ಬಾಲ್ಸಾದ ತೂಕ ಸುಮಾರು ಕಾಲು ಪಾಲು ಮಾತ್ರ. ಅಂಥ ಮರವನ್ನು ಕೈಗೆ ಕೊಟ್ಟಾಗ ಹೊಸಬನು ಮಾಡುವ ಮೊದಲ ಕೆಲಸವೆಂದರೆ ಅದನ್ನು ಅಂಟಿನಲ್ಲಿ ಅದ್ದುವುದು. ಅಂಟು ಹೆಚ್ಚಾದಷ್ಟೂ ಗಟ್ಟಿಯೆಂಬುದು ಅವನ ನಂಬಿಕೆ. ನಮ್ಮದೂ ಹಾಗೆಯೇ ಆಗಿತ್ತು. ವಾಸ್ತವವಾಗಿ ಕೂಡಿಕೆಯ ಬಲ ಬರುವುದು ಎರಡು ತುಂಡುಗಳು ಸಂದಿಲ್ಲದಂತೆ ಹೊಂದಿಕೊಳ್ಳುವುದರಿಂದ. ಸಂದಿನಲ್ಲಿ ತುಂಬಿದ ಅಂಟು ಬರಿಯ ಹೊರೆ.

ಆ ಹೊರೆಯ ಬೆಲೆಯೇನು? ಲೆಕ್ಕ ಹಾಕಿ ನೋಡೋಣ. ರೆಕ್ಕೆಯ ಏರುಬಲ ವೇಗದ ವರ್ಗಕ್ಕೆ ಅನುಪಾತವಾಗಿರುತ್ತದೆ. ಆದುದರಿಂದ ವಿಮಾನವನ್ನು ಎತ್ತಿಹಿಡಿಯಬಲ್ಲ ಕನಿಷ್ಠ ವೇಗವು ತೂಕದ ವರ್ಗಮೂಲದೊಡನೆ ಏರುತ್ತದೆ. 900 ಗ್ರಾಂ ತೂಗುವ ಈ ವಿಮಾನಕ್ಕೆ ಆ ಕನಿಷ್ಠ ವೇಗ ಗಂಟೆಗೆ ಸುಮಾರು 27 ಕಿಲೋಮೀಟರು. ಅಂಟು, ಬಣ್ಣ, ಅಲಂಕಾರಗಳಿಂದ ತೂಕ 1,100 ಗ್ರಾಮಿಗೆ ಏರಿತೆನ್ನಿ. ವೇಗವು 30 ಕಿಲೋಮೀಟರಿಗೆ ಏರುತ್ತದೆ. ಮೂರು ಕಿಲೋಮೀಟರು ದೊಡ್ಡದಲ್ಲವೆಂದು ತೋರಬಹುದು. ಆದರೆ ನೆಲಕ್ಕೆ ಅಪ್ಪಳಿಸುವ ಚಲನಶಕ್ತಿಯಲ್ಲಿ ತೂಕವೂ ಸೇರುತ್ತದೆ, ವೇಗದ ವರ್ಗವೂ ಸೇರುತ್ತದೆ. ಎರಡನ್ನೂ ಗುಣಿಸಿದರೆ ಹೊಡೆತ ಹಿಂದಿನದರ ಒಂದೂವರೆಯಷ್ಟಾಗುತ್ತದೆ. ಗಟ್ಟಿಯಾಗಲೆಂದು ಸುರಿದ ಅಂಟು ವಿಮಾನವನ್ನು ಹೆಚ್ಚು ಬಲವಾಗಿ ಒಡೆಯುತ್ತದೆ! ಈ ಸತ್ಯವನ್ನು ಪುಸ್ತಕದಲ್ಲಿ ಓದಿದವನು ಪರೀಕ್ಷೆಯವರೆಗೆ ನೆನಪಿನಲ್ಲಿಡುತ್ತಾನೆ. ಅಂಟಿನ ಸೀಸೆಯನ್ನು ಕೈಯಲ್ಲಿ ಹಿಡಿದು ಅರಿತವನು ಮರೆಯಲಾರ.

ಸಮತೋಲದ ಪಾಠ

ಬ್ಯಾಟರಿ ಮೂತಿಯಲ್ಲಿರುವುದೇಕೆ ಎಂಬ ಪ್ರಶ್ನೆಗೆ ಈಗ ಬರೋಣ. ಗಾಳಿಯ ಬಡಿತದಿಂದ ಹಾರುವ ವಿಮಾನದ ಮೂತಿ ಕೊಂಚ ಮೇಲೆದ್ದಿತೆನ್ನಿ. ಆಗ ರೆಕ್ಕೆಯಲ್ಲಿಯೂ ಬಾಲದಲ್ಲಿಯೂ ಏರುಬಲ ಹೆಚ್ಚುತ್ತದೆ. ಹೀಗೆ ಹೆಚ್ಚಿದ ಬಲವೆಲ್ಲವೂ ಒಂದೇ ಬಿಂದುವಿನಲ್ಲಿ ಕೂಡಿ ವರ್ತಿಸುತ್ತದೆಂದು ಭಾವಿಸಬಹುದು. ಅದಕ್ಕೆ ತಟಸ್ಥ ಬಿಂದುವೆಂದು ಹೆಸರು. ವಿಮಾನದ ಗುರುತ್ವಕೇಂದ್ರವು ಈ ಬಿಂದುವಿಗಿಂತ ಮುಂದಿದ್ದರೆ ಹೆಚ್ಚಿನ ಬಲವು ಬಾಲವನ್ನೆತ್ತಿ ಮೂತಿಯನ್ನು ಮರಳಿ ತಗ್ಗಿಸುತ್ತದೆ. ಹಿಂದಿದ್ದರೆ ಎದ್ದ ಮೂತಿಯನ್ನು ಇನ್ನಷ್ಟು ಎತ್ತುತ್ತದೆ. ಹಾರಿಸುವವನು ಎಚ್ಚರಗೊಳ್ಳುವಷ್ಟರಲ್ಲಿ ವಿಮಾನ ವೇಗವನ್ನು ಕಳೆದುಕೊಂಡು ಉರುಳುತ್ತದೆ. ಮೂತಿ ಭಾರವಾದ ವಿಮಾನ ಒರಟಾಗಿ ಹಾರುತ್ತದೆ, ಬಾಲ ಭಾರವಾದುದು ಒಮ್ಮೆ ಮಾತ್ರ ಹಾರುತ್ತದೆ ಎಂಬುದು ಮಾದರಿ ಕಟ್ಟುವವರ ನಡುವಿನ ಗಾದೆ.

ಸಾಮಾನ್ಯವಾಗಿ ಕಲಿಯುವವರ ವಿಮಾನದಲ್ಲಿ ಗುರುತ್ವಕೇಂದ್ರವು ರೆಕ್ಕೆಯ ಮುಂಚೂಣಿಯಿಂದ ಅದರ ಅಗಲದ ನೂರಕ್ಕೆ 25ರಿಂದ 30ರಷ್ಟು ಹಿಂದಿರಬೇಕು. ನಮ್ಮ 20 ಸೆಂಟಿಮೀಟರಿನ ರೆಕ್ಕೆಗೆ ಅದು 5ರಿಂದ 6 ಸೆಂಟಿಮೀಟರು. ಸರಿಯಾದುದಕ್ಕೂ ತಪ್ಪಿಗೂ ಇರುವ ಅಂತರ ಹೆಬ್ಬೆರಳಿನ ಅಗಲಕ್ಕಿಂತ ಕಡಿಮೆ! ಏತದ ಮರವನ್ನು ಕಂಡವರಿಗೆ ಇದನ್ನು ಸರಿಪಡಿಸುವ ಬಗೆಯನ್ನು ವಿವರಿಸಬೇಕಾಗಿಲ್ಲ. ಬ್ಯಾಟರಿಯ ತೂಕ 180 ಗ್ರಾಂ. ಅದನ್ನು 5 ಸೆಂಟಿಮೀಟರು ಸರಿಸಿದರೆ 180ನ್ನು 5ರಿಂದ ಗುಣಿಸಿ 900ರಿಂದ ಭಾಗಿಸಬೇಕು. ಗುರುತ್ವಕೇಂದ್ರ ಒಂದು ಸೆಂಟಿಮೀಟರು ಸರಿಯುತ್ತದೆ. ಹತ್ತನೆಯ ತರಗತಿಯ ವಿದ್ಯಾರ್ಥಿಯೊಬ್ಬನು ಕಾಗದದ ಮೇಲೆ ಇದನ್ನು ಹಾಕಿ, ಬೆರಳುಗಳ ಮೇಲೆ ತೂಗಿಸಿ, ಲೆಕ್ಕವು ವಸ್ತುವಿನಲ್ಲಿ ನಿಜವಾಗುವುದನ್ನು ಕಾಣಬಲ್ಲನು. ಇದಕ್ಕಿಂತ ಅಗ್ಗವಾದ ಪ್ರಯೋಗವನ್ನು ನಾವು ಕಾಣೆವು.

ವಿದ್ಯುತ್ತಿನ ಪಾಠ

ನಮ್ಮ ಮೋಟಾರಿನ ಮೇಲೆ “1000 ಕೆವಿ” ಎಂದು ಅಚ್ಚಾಗಿತ್ತು. ಜೊತೆಗಿದ್ದ ವಿದ್ಯಾರ್ಥಿಯೊಬ್ಬನು ಅದನ್ನು ಹತ್ತು ಲಕ್ಷ ವೋಲ್ಟೆಂದು ಓದಿ ಕೈಯನ್ನು ಹಿಂದಕ್ಕೆಳೆದುಕೊಂಡನು. ಅದರ ಅರ್ಥ ಬೇರೆ: ಹೊರೆಯಿಲ್ಲದಾಗ ಈ ಮೋಟಾರು ಒಂದು ವೋಲ್ಟಿಗೆ ನಿಮಿಷಕ್ಕೆ ಸಾವಿರ ಸುತ್ತು ತಿರುಗುತ್ತದೆ. ಮೂರು ಕೋಶಗಳ ಲಿಥಿಯಂ ಬ್ಯಾಟರಿಯ 11.1 ವೋಲ್ಟಿಗೆ 11,100 ಸುತ್ತು. ಮೋಟಾರಿನಿಂದ ಮೂರು ತಂತಿಗಳು ಹೊರಬರುತ್ತವೆ. ಅದು ತಪ್ಪು ದಿಕ್ಕಿಗೆ ತಿರುಗಿದರೆ ಯಾವುದಾದರೂ ಎರಡನ್ನು ಅದಲುಬದಲು ಮಾಡಿದರೆ ಸಾಕು. ಮೂರು ಹಂತಗಳ ವಿದ್ಯುತ್ತಿನ ತತ್ತ್ವವನ್ನು ಬೋಧಿಸಲು ಇದಕ್ಕಿಂತ ಸುಲಭವಾದ ಸಾಧನ ಬೇಕೆ?

ಹಾರುವ ಕಾಲವನ್ನೂ ಮೊದಲೇ ಕಂಡುಕೊಳ್ಳಬಹುದು. ಬ್ಯಾಟರಿಯಲ್ಲಿರುವುದು 2.2 ಆಂಪಿಯರ್-ಗಂಟೆ, ಮೋಟಾರು ಸರಾಸರಿ 15 ಆಂಪಿಯರು ಎಳೆದರೆ ಒಂಬತ್ತು ನಿಮಿಷಕ್ಕೆ ಒಳಗಾಗಿ ಅದು ಬರಿದಾಗುತ್ತದೆ. ಲಿಥಿಯಂ ಬ್ಯಾಟರಿಯನ್ನು ಪೂರ್ಣವಾಗಿ ಬರಿದು ಮಾಡಿದರೆ ಕೆಡುವುದರಿಂದ ಏಳು ನಿಮಿಷಕ್ಕೆ ಇಳಿಸಿಬಿಡಬೇಕು. ಏಳೇ ನಿಮಿಷವೇಕೆಂದು ಕೇಳುವವನು ದೊಡ್ಡದೊಂದು ಪ್ರಶ್ನೆಯ ಬಾಗಿಲಿಗೆ ಬಂದಂತೆ. ಈ ಬ್ಯಾಟರಿಯ ಒಂದು ಕಿಲೋಗ್ರಾಮಿನಲ್ಲಿ ಸುಮಾರು 136 ವಾಟ್-ಗಂಟೆಯಷ್ಟು ಶಕ್ತಿಯಿದೆ. ಒಂದು ಕಿಲೋಗ್ರಾಂ ಪೆಟ್ರೋಲಿನಲ್ಲಿ ಸುಮಾರು 12,000. ಯುರೋಪಿನಲ್ಲಿ 2020ರಲ್ಲಿ ಪ್ರಮಾಣಪತ್ರ ಪಡೆದ ಪಿಪಿಸ್ಟ್ರೆಲ್ ವೆಲಿಸ್ ಎಲೆಕ್ಟ್ರೊ ಎಂಬ ಎರಡು ಆಸನಗಳ ವಿದ್ಯುತ್ ವಿಮಾನ ಸುಮಾರು ಐವತ್ತು ನಿಮಿಷ ಮಾತ್ರ ಹಾರುವುದಕ್ಕೂ ನಮ್ಮ ಮಾದರಿ ಏಳು ನಿಮಿಷಕ್ಕೆ ಇಳಿಯುವುದಕ್ಕೂ ಕಾರಣ ಒಂದೇ.

ಒಂದು ಪತನ

ಇಷ್ಟೆಲ್ಲ ಬರೆದವರ ವಿಮಾನ ಮೊದಲ ದಿನ ಹೇಗೆ ಹಾರಿತೆಂದು ವಾಚಕರು ಕೇಳಬಹುದು. ನಾಲ್ಕು ಸೆಕೆಂಡು ಹಾರಿತು.

ರಾಗಿ ಕೊಯ್ದ ಹೊಲವೊಂದರಲ್ಲಿ, ಬೆಳಗಿನ ಗಾಳಿಯಿಲ್ಲದ ಹೊತ್ತಿನಲ್ಲಿ, ಅದನ್ನು ಕೈಯಿಂದ ತೂರಿದೆವು. ಎಡಕ್ಕೆ ಕೊಂಚ ವಾಲಿತು. ಬಲಕ್ಕೆ ತಿರುಗೆಂದು ಕೋಲನ್ನು ಒತ್ತಿದೆವು. ಇನ್ನೂ ಎಡಕ್ಕೆ ವಾಲಿತು. ಮತ್ತಷ್ಟು ಒತ್ತಿದೆವು, ರೆಕ್ಕೆಯ ತುದಿ ನೆಲಕ್ಕೆ ತಗಲಿತು. ಹಿಂದಿನ ರಾತ್ರಿ ಚುಕ್ಕಾಣಿ ಸರಿಯಾದ ಕಡೆಗೆ ತಿರುಗುವುದೇ ಎಂದು ನಾವು ಪರೀಕ್ಷಿಸಿದ್ದುಂಟು. ಆದರೆ ವಿಮಾನದ ಮೂತಿಯ ಎದುರಿಗೆ ಕುಳಿತು ಪರೀಕ್ಷಿಸಿದ್ದೆವು. ನಮ್ಮ ಎಡ ಅದರ ಬಲವಾಗಿತ್ತು. ಪ್ರೇಷಕದಲ್ಲಿ ಒಂದು ಗುಂಡಿಯನ್ನು ತಿರುಗಿಸಿದ್ದರೆ ಸರಿಹೋಗುತ್ತಿದ್ದ ತಪ್ಪು ಎರಡು ಪಕ್ಕೆಲುಬುಗಳನ್ನೂ ಪ್ರೊಪೆಲರನ್ನೂ ಬಲಿ ತೆಗೆದುಕೊಂಡಿತು.

ಆಗ ನಮಗೆ ತಿಳಿದ ಸಂಗತಿಯೇ ಈ ಲೇಖನದ ತಿರುಳು. ಮುರಿದ ವಿಮಾನವನ್ನು ಮೇಜಿನ ಮೇಲೆ ಹರಡಿದಾಗ ಅದರಲ್ಲಿ ನಮಗೆ ಅಪರಿಚಿತವಾದ ಭಾಗವೊಂದೂ ಇರಲಿಲ್ಲ. ಯಾವ ಪಕ್ಕೆಲುಬು ಎಲ್ಲಿ ಕೂಡುವುದೆಂಬುದನ್ನು ಕೈಯೇ ಬಲ್ಲದಾಗಿತ್ತು. ಎರಡು ಸಂಜೆಗಳಲ್ಲಿ ರೆಕ್ಕೆ ನೆಟ್ಟಗಾಯಿತು. ಮೂರನೆಯ ಬೆಳಗ್ಗೆ ವಿಮಾನ ಏಳು ನಿಮಿಷ ಹಾರಿ, ತಾನಾಗಿಯೇ ಎಂಬಂತೆ ಹೊಲಕ್ಕೆ ಇಳಿಯಿತು. ಕೊಂಡ ವಿಮಾನ ಬಿದ್ದರೆ ಅದರ ಒಡೆಯನಿಗೆ ಉಳಿಯುವುದು ಎರಡೇ ದಾರಿ: ಅಳುವುದು, ಇಲ್ಲವೆ ಇನ್ನೊಂದನ್ನು ಕೊಳ್ಳುವುದು. ಕಟ್ಟಿದವನಿಗೆ ಮೂರನೆಯ ದಾರಿಯೊಂದಿದೆ. ಏಕೆ ಬಿದ್ದಿತೆಂದು ಅವನು ಕೇಳಬಲ್ಲನು, ಉತ್ತರವನ್ನೂ ಪಡೆಯಬಲ್ಲನು.

ಆಕ್ಷೇಪಗಳು

ಇದಕ್ಕೆ ಆಕ್ಷೇಪಗಳಿಲ್ಲದೆ ಇಲ್ಲ. ಪೆಟ್ಟಿಗೆಯಲ್ಲಿ ಬಂದ ತುಂಡುಗಳನ್ನು ನಕ್ಷೆಯಂತೆ ಅಂಟಿಸುವುದರಲ್ಲಿ ವಿಜ್ಞಾನವೆಲ್ಲಿದೆ ಎಂದು ಕೆಲವರು ಹೇಳುತ್ತಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ನಕ್ಷೆಯು ಎಲ್ಲಿ ಎಂಬುದನ್ನು ಹೇಳುತ್ತದೆ, ಏಕೆ ಎಂಬುದನ್ನು ಹೇಳುವುದಿಲ್ಲ. ಆದುದರಿಂದ ಕಟ್ಟುವವನು ಪಕ್ಕದಲ್ಲಿ ಒಂದು ಪುಸ್ತಕವನ್ನಿಟ್ಟು ಪ್ರತಿಯೊಂದು ಭಾಗದ ತೂಕವನ್ನೂ, ಪ್ರತಿಯೊಂದು ಹಂತದಲ್ಲಿ ತನಗೆ ಎದ್ದ ಪ್ರಶ್ನೆಯನ್ನೂ ಬರೆದಿಡಬೇಕು. ಆ ಪುಸ್ತಕವಿಲ್ಲದ ಕೆಲಸ ಬಡಗಿತನ. ಅದರೊಡನೆ ನಡೆದರೆ ಅದು ವಿಜ್ಞಾನ.

ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದುದು. ಇಂದಿನ ಸಿದ್ಧ ಮಾದರಿಗಳಲ್ಲಿ ಎಲೆಕ್ಟ್ರಾನಿಕ್ ಗೈರೊ ಇರುತ್ತದೆ. ವಿಮಾನ ವಾಲಿದೊಡನೆ ಅದೇ ಸರಿಪಡಿಸುತ್ತದೆ. ಬೆಂಗಳೂರಿನಲ್ಲಿ 2001ರ ಜನವರಿ 4ರಂದು ಮೊದಲು ಹಾರಿದ ನಮ್ಮ ತೇಜಸ್ ಯುದ್ಧವಿಮಾನವನ್ನೇ ಬೇಕೆಂದು ಅಸ್ಥಿರವಾಗಿ ರಚಿಸಿ, ಅದರ ಸಮತೋಲವನ್ನು ಕಂಪ್ಯೂಟರಿಗೆ ವಹಿಸಲಾಗಿದೆ. ಹೀಗಿರುವಾಗ ಹುಡುಗರು ಮಾತ್ರ ಬೆರಳುಗಳ ಮೇಲೆ ವಿಮಾನವನ್ನು ಏಕೆ ತೂಗಿಸಬೇಕು? ಉತ್ತರ ಸರಳವಾಗಿದೆ. ತೇಜಸ್ಸನ್ನು ರಚಿಸಿದವರಿಗೆ ಅದು ಎಷ್ಟು ಅಸ್ಥಿರವೆಂಬುದು ನಿಖರವಾಗಿ ತಿಳಿದಿತ್ತು. ಚುರುಕಾದ ಚಲನೆಗಾಗಿ ಅವರು ಅದನ್ನು ತಿಳಿದೇ ಆರಿಸಿಕೊಂಡರು. ಸ್ಥಿರತೆ ಎಂದರೇನೆಂಬುದನ್ನು ಅರಿತವನು ಅದನ್ನು ಬಿಟ್ಟುಕೊಡಬಹುದು. ಅರಿಯದವನ ಕೈಯಲ್ಲಿ ಗೈರೊ ತಪ್ಪನ್ನು ಮುಚ್ಚಿಡುವ ಪರದೆಯಾಗುತ್ತದೆ. ಮೊದಲು ಸಮತೋಲ, ಆಮೇಲೆ ಗೈರೊ ಎಂಬುದೇ ನಮ್ಮ ಸಲಹೆ.

ವೆಚ್ಚದ ಮಾತನ್ನೂ ತಳ್ಳಿಹಾಕಲಾಗದು. ಎಲ್ಲವನ್ನೂ ಕೊಳ್ಳುವುದು ಒಬ್ಬ ವಿದ್ಯಾರ್ಥಿಗೆ ಹಗುರವಾದ ಖರ್ಚಲ್ಲ. ಆದರೆ ಪ್ರೇಷಕ, ಗ್ರಾಹಕ, ಮೋಟಾರು, ಚಾರ್ಜರುಗಳು ವಿಮಾನದಿಂದ ವಿಮಾನಕ್ಕೆ ಬದಲಾಯಿಸಿಕೊಳ್ಳತಕ್ಕವು. ಒಂದು ಶಾಲೆ ಇವನ್ನು ಒಮ್ಮೆ ಕೊಂಡರೆ ಹಲವು ತಂಡಗಳು, ಹಲವು ವರ್ಷ, ಮರ ಮತ್ತು ಅಂಟಿನ ವೆಚ್ಚದಲ್ಲಿಯೇ ಕಟ್ಟುತ್ತ ಹೋಗಬಹುದು. ಎನ್.ಸಿ.ಸಿ.ಯ ವಾಯುವಿಭಾಗದಲ್ಲಿ ಮಾದರಿ ವಿಮಾನಗಳ ಅಭ್ಯಾಸ ಬಹುಕಾಲದಿಂದ ನಡೆದುಬಂದಿದೆ. ಅದು ಸಮವಸ್ತ್ರವಿಲ್ಲದ ವಿದ್ಯಾರ್ಥಿಗೂ ದೊರೆಯಬೇಕೆಂಬುದಷ್ಟೇ ನಮ್ಮ ಕೋರಿಕೆ.

ಎಚ್ಚರಿಕೆಯ ಮಾತುಗಳು

ಅಧ್ಯಾಪಕರು ಮೊದಲ ದಿನವೇ ಕೆಲವು ಕಟ್ಟಳೆಗಳನ್ನು ವಿಧಿಸಬೇಕು. ಮೇಜಿನ ಮೇಲಿನ ಪರೀಕ್ಷೆಗಳೆಲ್ಲ ಮುಗಿಯುವವರೆಗೆ ಪ್ರೊಪೆಲರನ್ನು ಜೋಡಿಸಕೂಡದು. ಅದು ಬೆರಳನ್ನು ಕತ್ತರಿಸಬಲ್ಲದು. ಲಿಥಿಯಂ ಬ್ಯಾಟರಿಯ ಒಂದು ಕೋಶವನ್ನು 4.2 ವೋಲ್ಟಿಗಿಂತ ಮೇಲೆ ತುಂಬಬಾರದು, ತುಂಬುವಾಗ ಬಿಟ್ಟು ಹೋಗಬಾರದು, ಊದಿಕೊಂಡುದನ್ನು ಮತ್ತೆ ಬಳಸಬಾರದು. ಅದು ಹೊತ್ತಿಕೊಂಡರೆ ಆರಿಸುವುದು ಕಷ್ಟ. ಪ್ರೇಷಕವನ್ನು ಮೊದಲು ಹಚ್ಚಿ ಆಮೇಲೆ ವಿಮಾನದ ಬ್ಯಾಟರಿಯನ್ನು ಜೋಡಿಸಬೇಕು. ಮುಗಿಸುವಾಗ ಕ್ರಮ ತಿರುಗುಮುರುಗು. ಸಂಕೇತ ಕಡಿದರೆ ಮೋಟಾರು ತಾನೇ ನಿಲ್ಲುವಂತೆ ಗ್ರಾಹಕವನ್ನು ಮೊದಲೇ ಹೊಂದಿಸಿರಬೇಕು. ಚುಕ್ಕಾಣಿಯನ್ನು ಪರೀಕ್ಷಿಸುವಾಗ ವಿಮಾನದ ಹಿಂದೆ ನಿಲ್ಲಬೇಕು! 2021ರ ಡ್ರೋನ್ ನಿಯಮಗಳು ಆಕಾಶವನ್ನು ಹಸುರು, ಹಳದಿ, ಕೆಂಪು ವಲಯಗಳಾಗಿ ವಿಂಗಡಿಸಿವೆ. ತನ್ನ ಮೈದಾನ ಯಾವ ವಲಯದಲ್ಲಿದೆ, ತನ್ನ ವಿಮಾನಕ್ಕೆ ಯಾವ ನಿಯಮ ಅನ್ವಯಿಸುತ್ತದೆ ಎಂಬುದನ್ನು ತಿಳಿದುಕೊಂಡ ಮೇಲೆಯೇ ಹಾರಿಸುವುದು ವಿದ್ಯಾವಂತನ ಕರ್ತವ್ಯ.

ವಿಮಾನದ ಕಾರ್ಖಾನೆ ಬೆಂಗಳೂರಿಗೆ ಬಂದುದು 1940ರಲ್ಲಿ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವೈಮಾನಿಕ ಇಂಜಿನಿಯರಿಂಗ್ ವಿಭಾಗ ಆರಂಭವಾದುದು 1942ರಲ್ಲಿ. ಎಂಟು ದಶಕಗಳಿಂದ ವಿಮಾನಗಳನ್ನು ಕಟ್ಟುತ್ತಿರುವ ನಾಡಿನಲ್ಲಿ ಭೌತಶಾಸ್ತ್ರದ ವಿದ್ಯಾರ್ಥಿ ಏರುಬಲದ ಸೂತ್ರವನ್ನು ಬಾಯಿಪಾಠ ಮಾಡಿ, ಒಂದು ರೆಕ್ಕೆಯನ್ನೂ ಕೈಯಿಂದ ಮುಟ್ಟದೆ ಪದವಿ ಪಡೆಯುವುದು ನಮಗೆ ಸಮಾಧಾನದ ಸಂಗತಿಯಾಗಿ ತೋರುವುದಿಲ್ಲ.

ಕೊನೆಯದಾಗಿ ತೀರ್ಪುಗಾರ ಮಿತ್ರರಿಗೆ ಒಂದು ಬಿನ್ನಹ. ಪ್ರದರ್ಶನದ ಮೇಜಿನ ಮೇಲೆ ಥಳಥಳಿಸುವ ವಿಮಾನವನ್ನು ಕಂಡಾಗ ಅಂಕಪಟ್ಟಿಯನ್ನು ತುಂಬುವ ಮುಂಚೆ ಒಂದು ಪ್ರಶ್ನೆಯನ್ನಾದರೂ ಕೇಳಿ. ತೇಪೆ ಹಾಕಿದ ವಿಮಾನವನ್ನು ಕಂಡಾಗ ತೇಪೆ ಏಕೆ ಬಂದಿತೆಂದು ವಿಚಾರಿಸಿ. ಆ ಇಬ್ಬರು ವಿದ್ಯಾರ್ಥಿಗಳ ಕೈಯಲ್ಲಿ ಅಂದು ಬಹುಮಾನವಿರಲಿಲ್ಲ. ಬ್ಯಾಟರಿಯನ್ನು ಮತ್ತೆ ಅದರ ಗುರುತಿನ ಗೆರೆಗೆ ಸರಿಸಿ, ವಿಮಾನವನ್ನು ಹಳೆಯ ಚಾದರವೊಂದರಲ್ಲಿ ಸುತ್ತಿಕೊಂಡು, ಬಸ್ಸಿಗೆ ಹೊತ್ತಾಯಿತೆಂದು ಅವರು ಹೊರಟುಹೋದರು. ಅವರ ಹೆಸರನ್ನು ಕೇಳಿಟ್ಟುಕೊಳ್ಳುವುದನ್ನೂ ನಾವು ಮರೆತಿದ್ದೆವು.